ಗ್ರಾಫ್ ಹಾಳೆಯಲ್ಲಿ ಬಿಂದು ಗುರುತಿಸಿ ಚತುರ್ಥಕ ಹೇಳುವುದು ಹೇಗೆ?

"ಮೈನಸ್ ಇದ್ದರೆ ಯಾವ ಕಡೆ ಹೋಗಬೇಕು?" "ಸೊನ್ನೆ ಬಂದರೆ ಯಾವ ಚತುರ್ಥಕ?" "(3, 4) ಮತ್ತು (4, 3) ಒಂದೇ ಅಲ್ಲವೇ?" ಒಂಬತ್ತನೇ ತರಗತಿಯಲ್ಲಿ ನಿರ್ದೇಶಾಂಕ ರೇಖಾಗಣಿತ ಶುರುವಾಯಿತೆಂದರೆ ಈ ಮೂರು ಪ್ರಶ್ನೆ ಬಂದೇ ಬರುತ್ತವೆ. ಕೇಳುವವರು ಮಕ್ಕಳಷ್ಟೇ ಅಲ್ಲ. ಸಂಜೆ ಹೋಂವರ್ಕ್ ಮಾಡಿಸಲು ಕೂತ ಅಪ್ಪ-ಅಮ್ಮಂದಿರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಸುಮ್ಮನೆ ಓದಿದರೆ ಸಾಲದು, ಪಕ್ಕದಲ್ಲಿ ಹಾಳೆ ಇಟ್ಟುಕೊಂಡು ಗೀಚುತ್ತಾ ಓದಿ.

ಈ ಪಾಠದಲ್ಲಿ ಅರ್ಥವಾಗದಂಥದ್ದು ಏನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಅಂಕ ಹೋಗುವುದು ಗಡಿಬಿಡಿಯಿಂದ. ಅದೂ ಎಲ್ಲೆಲ್ಲೋ ಅಲ್ಲ, ನಾಲ್ಕೈದು ಗೊತ್ತಿರುವ ಜಾಗಗಳಲ್ಲೇ. ಆ ಜಾಗಗಳು ಬಂದಾಗ ಎಚ್ಚರಿಸುತ್ತಾ ಹೋಗುತ್ತೇನೆ.

ಏನೇನು ಬೇಕು?

ಒಂದು ಗ್ರಾಫ್ ಹಾಳೆ, ಚೂಪು ಮಾಡಿದ ಪೆನ್ಸಿಲ್, ಅಳತೆಪಟ್ಟಿ, ರಬ್ಬರ್. ಅಂಗಡಿಯಲ್ಲಿ ಸಿಗುವ ಮಾಮೂಲಿ ಗ್ರಾಫ್ ಹಾಳೆಯಲ್ಲಿ 1 ಸೆಂಟಿಮೀಟರ್‌ಗೊಂದು ದಪ್ಪ ಗೆರೆ, ಅದರ ನಡುವೆ 1 ಮಿಲಿಮೀಟರ್‌ಗೊಂದು ತೆಳು ಗೆರೆ ಇರುತ್ತದೆ. ಹಾಳೆ ಇಲ್ಲದಿದ್ದರೆ ಲೆಕ್ಕದ ಚೌಕುಳಿ ಪುಸ್ತಕವಾದರೂ ಅಭ್ಯಾಸಕ್ಕೆ ಸಾಕು. ಪೆನ್ನು ಮಾತ್ರ ಬೇಡ.

ಕೆಲವು ಪದಗಳು ಗೊತ್ತಿರಲಿ. ಅಡ್ಡ ಎಳೆದ ಸಂಖ್ಯಾರೇಖೆ ಎಕ್ಸ್-ಅಕ್ಷ. ಅದಕ್ಕೆ ಲಂಬವಾಗಿ ನಿಂತದ್ದು ವೈ-ಅಕ್ಷ. ಎರಡೂ ಕೂಡುವ ಜಾಗ ಮೂಲಬಿಂದು, ಅದನ್ನು ಓ ಎಂದು ಬರೆಯುತ್ತಾರೆ. (3, 4) ಎಂಬಂತೆ ಆವರಣದೊಳಗೆ ಅಲ್ಪವಿರಾಮ ಹಾಕಿ ಬರೆದ ಜೋಡಿ ಕ್ರಮಯುಗ್ಮ. ಅದರಲ್ಲಿ ಮೊದಲನೆಯದು ಎಕ್ಸ್-ನಿರ್ದೇಶಾಂಕ, ಎರಡನೆಯದು ವೈ-ನಿರ್ದೇಶಾಂಕ. ಇಂಗ್ಲಿಷ್ ಮಾಧ್ಯಮದ ಮಕ್ಕಳು ಇವನ್ನೇ ಅಬ್ಸಿಸಾ, ಆರ್ಡಿನೇಟ್ ಎಂದು ಕಲಿಯುತ್ತಾರೆ. ಎರಡು ಅಕ್ಷಗಳು ಹಾಳೆಯನ್ನು ನಾಲ್ಕು ಭಾಗ ಮಾಡುತ್ತವಲ್ಲ, ಒಂದೊಂದು ಭಾಗವೂ ಒಂದು ಚತುರ್ಥಕ, ಅಂದರೆ ಕ್ವಾಡ್ರೆಂಟ್.

ಈ ಇಡೀ ವ್ಯವಸ್ಥೆಗೆ ಕಾರ್ಟೀಸಿಯನ್ ಸಮತಲ ಎನ್ನುತ್ತಾರೆ. 1637ರಲ್ಲಿ ಈ ವಿಚಾರವನ್ನು ಪ್ರಕಟಿಸಿದ ಫ್ರಾನ್ಸಿನ ರೆನೆ ಡೆಕಾರ್ಟ್‌ನಿಂದ ಬಂದ ಹೆಸರದು. ಚಾವಣಿಯ ಮೇಲೆ ಹರಿದಾಡುತ್ತಿದ್ದ ನೊಣವನ್ನು ನೋಡಿ ಅವನಿಗೆ ಇದು ಹೊಳೆಯಿತು ಎಂಬ ಕತೆಯನ್ನು ಕೇಳಿರುತ್ತೀರಿ. ಕತೆ ಚೆನ್ನಾಗಿದೆ, ಆಧಾರ ಮಾತ್ರ ಇಲ್ಲ.

ಉದಾಹರಣೆಗೆ ಈ ಆರು ಬಿಂದುಗಳನ್ನು ಇಟ್ಟುಕೊಳ್ಳೋಣ: ಎ (3, 4), ಬಿ (−5, 2), ಸಿ (−2, −6), ಡಿ (4, −3), ಇ (0, 5), ಎಫ್ (−4, 0).

1. ಮೊದಲು ಬಿಂದುಗಳನ್ನು ನೋಡಿ, ಆಮೇಲೆ ಅಕ್ಷ ಎಳೆಯಿರಿ

ಹಾಳೆ ಸಿಕ್ಕಿದ ತಕ್ಷಣ ನಟ್ಟನಡುವೆ ಪ್ಲಸ್ ಗುರುತು ಎಳೆಯುವ ಅಭ್ಯಾಸ ಬಹಳ ಜನರಿಗಿದೆ. ಕೊಟ್ಟ ಸಂಖ್ಯೆಗಳ ಮೇಲೆ ಒಮ್ಮೆ ಕಣ್ಣಾಡಿಸಿ. ನಮ್ಮ ಆರು ಬಿಂದುಗಳಲ್ಲಿ ಎಕ್ಸ್ −5ರಿಂದ 4ರವರೆಗೆ ಇದೆ, ವೈ −6ರಿಂದ 5ರವರೆಗೆ. ಹಾಗಾಗಿ ಮೂಲಬಿಂದು ನಡುವೆ ಇರುವುದೇ ಸರಿ. ಆದರೆ ಎಲ್ಲ ಸಂಖ್ಯೆಗಳೂ ಧನವಾಗಿದ್ದರೆ, ಉದಾಹರಣೆಗೆ (10, 35), (20, 48) ಹೀಗಿದ್ದರೆ, ಮೂಲಬಿಂದುವನ್ನು ಎಡಗಡೆ ಕೆಳಮೂಲೆಗೆ ಸರಿಸಿ. ಇಲ್ಲದಿದ್ದರೆ ಹಾಳೆಯ ಮುಕ್ಕಾಲು ಭಾಗ ಖಾಲಿ ಬಿದ್ದು, ಬೇಕಾದ ಭಾಗ ಇಕ್ಕಟ್ಟಾಗುತ್ತದೆ.

ಅಕ್ಷಗಳನ್ನು ದಪ್ಪ ಗೆರೆಯ ಮೇಲೆಯೇ ಎಳೆಯಿರಿ. ತೆಳು ಗೆರೆಯ ಮೇಲೆ ಎಳೆದರೆ ಮುಂದೆ ಒಂದೊಂದು ಎಣಿಕೆಯೂ ಕಷ್ಟ. ಎರಡೂ ತುದಿಗೆ ಬಾಣ ಹಾಕಿ, ಬಲತುದಿಯಲ್ಲಿ ಎಕ್ಸ್, ಮೇಲ್ತುದಿಯಲ್ಲಿ ವೈ ಎಂದು ಬರೆಯಿರಿ. ಹೆಸರು ಬರೆಯದೆ ಬಿಟ್ಟರೆ ಮೌಲ್ಯಮಾಪಕರು ಅಂಕ ಕಳೆಯಬಹುದು.

2. ಪ್ರಮಾಣ ಗೊತ್ತುಮಾಡಿ, ಗೆರೆಗಳಿಗೆ ಸಂಖ್ಯೆ ಹಾಕಿ

ಪ್ರಮಾಣ ಎಂದರೆ ಹಾಳೆಯ ಮೇಲಿನ 1 ಸೆಂ.ಮೀ. ಎಷ್ಟು ಮಾನಕ್ಕೆ, ಅಂದರೆ ಎಷ್ಟು ಯೂನಿಟ್‌ಗೆ, ಸಮ ಎಂಬ ಒಪ್ಪಂದ. ನಮ್ಮ ಬಿಂದುಗಳಿಗೆ 1 ಸೆಂ.ಮೀ. = 1 ಮಾನ ಸಾಕು. ಹಾಳೆಯ ಮೂಲೆಯಲ್ಲಿ ಇದನ್ನು ಬರೆದಿಡಿ.

ದೊಡ್ಡ ಸಂಖ್ಯೆಗಳು ಬಂದಾಗ 1 ಸೆಂ.ಮೀ.ಗೆ 2, 5 ಅಥವಾ 10 ಮಾನ ಇಟ್ಟುಕೊಳ್ಳಿ. 3 ಮಾತ್ರ ಬೇಡವೇ ಬೇಡ. ಕಾರಣ ಸರಳ: 1 ಸೆಂ.ಮೀ.ಯಲ್ಲಿ ಹತ್ತು ಸಣ್ಣ ಭಾಗಗಳಿವೆ. 5 ಮಾನ ಎಂದುಕೊಂಡರೆ ಒಂದು ಸಣ್ಣ ಭಾಗಕ್ಕೆ 0.5, 2 ಎಂದುಕೊಂಡರೆ 0.2. ಲೆಕ್ಕ ನೀಟಾಗಿ ಕೂರುತ್ತದೆ. 3 ಎಂದುಕೊಂಡರೆ ಒಂದು ಭಾಗಕ್ಕೆ 0.3. ಆಗ 4 ಎಲ್ಲಿ ಬರುತ್ತದೆ ಎಂದು ಕೇಳಿದರೆ ಹದಿಮೂರನೇ ಸಣ್ಣ ಗೆರೆ ದಾಟಿ ಇನ್ನೊಂಚೂರು ಮುಂದೆ ಎಂದು ಅಂದಾಜಿನ ಮೇಲೆ ಹೋಗಬೇಕಾಗುತ್ತದೆ. ಎರಡು ಅಕ್ಷಗಳಿಗೆ ಬೇರೆ ಬೇರೆ ಪ್ರಮಾಣ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಆಕೃತಿ ಬಿಡಿಸುವ ಪ್ರಶ್ನೆಯಾಗಿದ್ದರೆ ಹಾಗೆ ಮಾಡಬೇಡಿ, ಚೌಕ ಆಯತದಂತೆ ಕಾಣುತ್ತದೆ.

ಸಂಖ್ಯೆ ಹಾಕುವಾಗ ಎರಡು ಎಚ್ಚರಿಕೆ. ಮೊದಲನೆಯದು, ಸಂಖ್ಯೆ ಗೆರೆಗೆ ಸೇರಬೇಕು, ಚೌಕಕ್ಕಲ್ಲ. ಚೌಕದ ಹೊಟ್ಟೆಯೊಳಗೆ 1, 2, 3 ಎಂದು ಬರೆದವರಿಗೆ 1 ಎಂದರೆ ಚೌಕದ ಎಡಗೆರೆಯೋ ಬಲಗೆರೆಯೋ ಎಂಬುದೇ ತಿಳಿಯದೆ ಎಲ್ಲ ಬಿಂದುಗಳೂ ಅರ್ಧರ್ಧ ಸರಿದುಹೋಗುತ್ತವೆ. ಎರಡನೆಯದು, ಋಣ ಸಂಖ್ಯೆಗಳನ್ನು ಸೊನ್ನೆಯಿಂದಲೇ ಶುರುಮಾಡಿ. ಸೊನ್ನೆಯ ಎಡಕ್ಕೆ ಮೊದಲು −1, ಆಮೇಲೆ −2, ದೂರದಲ್ಲಿ −6. ಎಡತುದಿಯಲ್ಲಿ −1 ಎಂದು ಶುರುಮಾಡಿ ಸೊನ್ನೆಯ ಹತ್ತಿರ −6 ಬರೆದ ಹಾಳೆಗಳು ಪ್ರತಿ ವರ್ಷವೂ ಕಾಣಸಿಗುತ್ತವೆ. ವೈ-ಅಕ್ಷದಲ್ಲೂ ಅಷ್ಟೇ, ಸೊನ್ನೆಯ ಕೆಳಗೆ −1.

3. ಮೊದಲು ಅಡ್ಡ, ಆಮೇಲೆ ಉದ್ದ

ಎಲ್ಲಕ್ಕಿಂತ ಮುಖ್ಯ ಹಂತ ಇದು. ಅಡಿಕೆ ಕೊಯ್ಯುವವನು ಮೊದಲು ನೆಲದ ಮೇಲೆ ನಡೆದು ಮರದ ಬುಡಕ್ಕೆ ಹೋಗುತ್ತಾನೆ, ಆಮೇಲೆ ಮರ ಹತ್ತುತ್ತಾನೆ. ಕ್ರಮಯುಗ್ಮವನ್ನೂ ಹಾಗೇ ಓದಬೇಕು: ಮೊದಲ ಸಂಖ್ಯೆ ನೆಲದ ನಡಿಗೆ, ಎರಡನೆಯದು ಹತ್ತುವುದು ಅಥವಾ ಇಳಿಯುವುದು.

ಬಿ (−5, 2) ಅನ್ನು ನಿಧಾನವಾಗಿ ಮಾಡೋಣ. ಪೆನ್ಸಿಲ್ ಮೊನೆಯನ್ನು ಮೂಲಬಿಂದುವಿನ ಮೇಲಿಡಿ. ಮೊದಲ ಸಂಖ್ಯೆ −5. ಮೈನಸ್ ಇದೆ, ಹಾಗಾಗಿ ಎಡಕ್ಕೆ. ಮೊನೆಯನ್ನು ಎಕ್ಸ್-ಅಕ್ಷದ ಮೇಲೆಯೇ ಎಡಕ್ಕೆ ಸರಿಸುತ್ತಾ ಒಂದು, ಎರಡು, ಮೂರು, ನಾಲ್ಕು, ಐದು ದಪ್ಪ ಗೆರೆ ದಾಟಿ ನಿಲ್ಲಿ. ಮೊನೆಯನ್ನು ಎತ್ತಬೇಡಿ. ಈಗ ಎರಡನೇ ಸಂಖ್ಯೆ 2. ಮೈನಸ್ ಇಲ್ಲ, ಹಾಗಾಗಿ ಮೇಲಕ್ಕೆ. ನಿಂತ ಜಾಗದಿಂದಲೇ ಎರಡು ಗೆರೆ ಮೇಲೇರಿ. ಅಲ್ಲೊಂದು ಸಣ್ಣ ಚುಕ್ಕೆ.

ಇಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚು ಕಾಣುವುದು "ಎತ್ತುವ" ತಪ್ಪು. −5ಕ್ಕೆ ಹೋಗಿ ಎಕ್ಸ್-ಅಕ್ಷದ ಮೇಲೆ ಒಂದು ಚುಕ್ಕೆ ಇಟ್ಟು, ಪೆನ್ಸಿಲ್ ಎತ್ತಿ, ಮತ್ತೆ ಮೂಲಬಿಂದುವಿಗೆ ಬಂದು, ವೈ-ಅಕ್ಷದ ಮೇಲೆ 2ಕ್ಕೆ ಇನ್ನೊಂದು ಚುಕ್ಕೆ ಇಟ್ಟು, ಎರಡಕ್ಕೂ ಓರೆ ಗೆರೆ ಎಳೆದುಬಿಡುತ್ತಾರೆ. ಒಂದು ಜೋಡಿ ಸಂಖ್ಯೆಗೆ ಬರುವುದು ಒಂದೇ ಚುಕ್ಕೆ ಎಂಬುದನ್ನು ಮಗುವಿಗೆ ಬಿಡಿಸಿ ಹೇಳಿ. ಮೊನೆ ಎತ್ತದೆ ಸಾಗುವ ಅಭ್ಯಾಸ ಆದರೆ ಈ ತಪ್ಪು ತಾನಾಗಿಯೇ ನಿಲ್ಲುತ್ತದೆ.

ಇನ್ನೊಂದು, ಮೂಲಬಿಂದುವನ್ನೇ "ಒಂದು" ಎಂದು ಎಣಿಸುವುದು. ಎಣಿಸಬೇಕಾದ್ದು ದಾಟಿದ ಗೆರೆಗಳನ್ನು, ಹೊರಟ ಜಾಗವನ್ನಲ್ಲ. ಅಕ್ಷದ ಮೇಲೆ ಸಂಖ್ಯೆ ಬರೆದಿದ್ದರೆ ಎಣಿಸುವ ತಾಪತ್ರಯವೇ ಇಲ್ಲ, ನೇರ −5 ಎಂದು ಬರೆದಲ್ಲಿಗೆ ಹೋಗಿ.

(3, 4) ಮತ್ತು (4, 3) ಒಂದೇ ಅಲ್ಲ. ಎರಡನ್ನೂ ಹಾಕಿ ನೋಡಿ, ಎರಡು ಬೇರೆ ಚುಕ್ಕೆ ಬರುತ್ತವೆ. ಜೋಡಿಯಲ್ಲಿ ಕ್ರಮಕ್ಕೆ ಬೆಲೆ ಇದೆ.

4. ಹೆಸರು ಬರೆಯಿರಿ, ಹಿಂದಿನಿಂದ ಪರೀಕ್ಷಿಸಿ

ಚುಕ್ಕೆಯ ಪಕ್ಕದಲ್ಲಿ ಬಿ (−5, 2) ಎಂದು ಬರೆಯಿರಿ. ಆಮೇಲೆ ಚುಕ್ಕೆಯಿಂದ ನೇರ ಕೆಳಗೆ (ಅಥವಾ ಮೇಲೆ) ಎಕ್ಸ್-ಅಕ್ಷಕ್ಕೆ ಬಂದು ಅಲ್ಲಿನ ಸಂಖ್ಯೆ ಓದಿ: −5. ಚುಕ್ಕೆಯಿಂದ ಅಡ್ಡಲಾಗಿ ವೈ-ಅಕ್ಷಕ್ಕೆ ಹೋಗಿ ಓದಿ: 2. ಎರಡೂ ಹೊಂದಿದರೆ ಮುಂದಕ್ಕೆ. ನಕ್ಷೆಯಲ್ಲಿ ಬಿಂದು ಕೊಟ್ಟು "ನಿರ್ದೇಶಾಂಕ ಬರೆಯಿರಿ" ಎಂದು ಕೇಳಿದರೂ ಇದೇ ಕೆಲಸ.

ಒಂದು ಅಂಕದ ಪ್ರಶ್ನೆಗಳಲ್ಲಿ ಎಡವಿಸುವ ಜಾಗವೂ ಇಲ್ಲಿಯೇ ಇದೆ. "(3, 4) ಬಿಂದುವು ಎಕ್ಸ್-ಅಕ್ಷದಿಂದ ಎಷ್ಟು ದೂರದಲ್ಲಿದೆ?" ಉತ್ತರ 3 ಅಲ್ಲ, 4. ನೆಲದಿಂದ ಎಷ್ಟು ಎತ್ತರ ಎಂದು ಕೇಳಿದ ಹಾಗಾಯಿತು, ಎತ್ತರ ಹೇಳುವುದು ವೈ. ಹಾಗೆಯೇ ಬಿ (−5, 2) ವೈ-ಅಕ್ಷದಿಂದ 5 ಮಾನ ದೂರ. −5 ಎಂದು ಬರೆಯಬೇಡಿ. ದೂರಕ್ಕೆ ಮೈನಸ್ ಇಲ್ಲ.

5. ಚತುರ್ಥಕ ಗುರುತಿಸುವುದು

ಬಲ ಮೇಲ್ಭಾಗದಿಂದ ಶುರುಮಾಡಿ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ, ಅಂದರೆ ಅಪ್ರದಕ್ಷಿಣವಾಗಿ, ಎಣಿಸಿ. ಬಲ-ಮೇಲೆ 1, ಎಡ-ಮೇಲೆ 2, ಎಡ-ಕೆಳಗೆ 3, ಬಲ-ಕೆಳಗೆ 4. ಗಡಿಯಾರದಂತೆ ಎಣಿಸಿದವರಿಗೆ 2 ಮತ್ತು 4 ಅದಲುಬದಲಾಗುತ್ತವೆ. ಯಾಕೆ ಎದುರು ದಿಕ್ಕು ಎಂದು ಮಗು ಕೇಳಿದರೆ ಗದರಬೇಡಿ, ಒಳ್ಳೆಯ ಪ್ರಶ್ನೆ. ಗಣಿತದಲ್ಲಿ ಕೋನವನ್ನು ಎಕ್ಸ್-ಅಕ್ಷದ ಬಲಭಾಗದಿಂದ ಅಪ್ರದಕ್ಷಿಣವಾಗಿ ಅಳೆಯುವುದು ರೂಢಿ. 0ಯಿಂದ 90 ಡಿಗ್ರಿಯ ನಡುವೆ ಮೊದಲನೇ ಚತುರ್ಥಕ, 90ರಿಂದ 180ರ ನಡುವೆ ಎರಡನೆಯದು. ಪಿಯುಸಿಯಲ್ಲಿ ತ್ರಿಕೋನಮಿತಿ ಓದುವಾಗ ಈ ಕ್ರಮ ಮತ್ತೆ ಎದುರಾಗುತ್ತದೆ.

ಚಿಹ್ನೆಗಳ ಕೋಷ್ಟಕವನ್ನು ಬಾಯಿಪಾಠ ಮಾಡಿಸುವುದು ನನಗಂತೂ ಇಷ್ಟವಿಲ್ಲ. ಪರೀಕ್ಷೆಯ ಹೊತ್ತಿಗೆ ಕೋಷ್ಟಕ ಮರೆಯುತ್ತದೆ, ಎಡ-ಬಲ ಮರೆಯುವುದಿಲ್ಲ. ಎರಡೇ ಪ್ರಶ್ನೆ ಕೇಳಿಕೊಳ್ಳಿ: ಎಡಕ್ಕೋ ಬಲಕ್ಕೋ? ಮೇಲಕ್ಕೋ ಕೆಳಕ್ಕೋ?

ಎ (3, 4): ಬಲ, ಮೇಲೆ. ಮೊದಲನೆಯದು. ಬಿ (−5, 2): ಎಡ, ಮೇಲೆ. ಎರಡನೆಯದು. ಸಿ (−2, −6): ಎಡ, ಕೆಳಗೆ. ಮೂರನೆಯದು. ಡಿ (4, −3): ಬಲ, ಕೆಳಗೆ. ನಾಲ್ಕನೆಯದು. ಹಾಳೆ ಇಲ್ಲದೆಯೂ (−217, −0.4) ಯಾವ ಚತುರ್ಥಕ ಎಂದು ಹೇಳಿಬಿಡಬಹುದು, ಏಕೆಂದರೆ ಬೇಕಾಗಿರುವುದು ಚಿಹ್ನೆ ಮಾತ್ರ.

6. ಸೊನ್ನೆ ಬಂದರೆ ನಿಲ್ಲಿ

ಇ (0, 5) ಯಾವ ಚತುರ್ಥಕ? ಯಾವುದೂ ಅಲ್ಲ. ಅಕ್ಷದ ಮೇಲಿರುವ ಬಿಂದು ಯಾವ ಚತುರ್ಥಕಕ್ಕೂ ಸೇರುವುದಿಲ್ಲ. "ಮೊದಲನೆಯದು ಮತ್ತು ಎರಡನೆಯದು ಎರಡಕ್ಕೂ ಸೇರುತ್ತದೆ" ಎಂದು ಬರೆದರೆ ತಪ್ಪು.

ಯಾವ ಅಕ್ಷ ಎಂಬಲ್ಲಿ ಇನ್ನೊಂದು ಗುಂಡಿ ಇದೆ. (0, 5)ರಲ್ಲಿ ಎಕ್ಸ್ ಸೊನ್ನೆ, ಹಾಗಾಗಿ ಎಕ್ಸ್-ಅಕ್ಷ ಎಂದುಕೊಳ್ಳುತ್ತಾರೆ. ಪೆನ್ಸಿಲ್ ಇಟ್ಟು ನೋಡಿ: ನಡಿಗೆ ಸೊನ್ನೆ, ಅಂದರೆ ಅತ್ತಿತ್ತ ಕದಲಲೇ ಇಲ್ಲ, ಮೂಲಬಿಂದುವಿನಿಂದ ನೆಟ್ಟಗೆ ಮೇಲೇರಿದಿರಿ. ನೀವಿರುವುದು ವೈ-ಅಕ್ಷದ ಮೇಲೆ. ಎಫ್ (−4, 0)ರಲ್ಲಿ ಎಡಕ್ಕೆ ನಡೆದಿರಿ, ಹತ್ತಲಿಲ್ಲ, ಇಳಿಯಲಿಲ್ಲ. ಅದು ಎಕ್ಸ್-ಅಕ್ಷದ ಮೇಲಿದೆ. (0, 0) ಎರಡೂ ಅಕ್ಷಗಳ ಮೇಲಿದೆ.

7. ಅಕ್ಷರ ಕೊಟ್ಟು ಕೇಳಿದಾಗ

"(ಪಿ, ಕ್ಯೂ) ಎರಡನೇ ಚತುರ್ಥಕದಲ್ಲಿದ್ದರೆ (−ಪಿ, ಕ್ಯೂ) ಎಲ್ಲಿದೆ?" ಸಂಖ್ಯೆ ಇಲ್ಲದ್ದರಿಂದ ಜಾಣ ಮಕ್ಕಳೂ ಇಲ್ಲಿ ತಡವರಿಸುತ್ತಾರೆ. −ಪಿ ಎಂದು ಕಂಡ ಕೂಡಲೇ "ಮೈನಸ್, ಹಾಗಾಗಿ ಎಡಕ್ಕೆ" ಎಂದು ಕೈ ಓಡುತ್ತದೆ.

ಒಂದು ನಿಜವಾದ ಸಂಖ್ಯೆಯನ್ನು ಕೂರಿಸಿ. ಎರಡನೇ ಚತುರ್ಥಕದ ನಮ್ಮ ಬಿಂದು (−5, 2). ಹಾಗಾದರೆ ಪಿ ಎಂದರೆ −5, ಕ್ಯೂ ಎಂದರೆ 2. −ಪಿ ಎಂದರೆ ಮೈನಸ್‌ನ ಮೈನಸ್ 5, ಅಂದರೆ 5. ಬಿಂದು (5, 2), ಮೊದಲನೇ ಚತುರ್ಥಕ. (ಕ್ಯೂ, ಪಿ) ಕೇಳಿದರೆ (2, −5), ನಾಲ್ಕನೆಯದು. ಅಕ್ಷರದ ಮುಂದೆ ಮೈನಸ್ ಇದ್ದ ಮಾತ್ರಕ್ಕೆ ಬೆಲೆ ಋಣ ಆಗಬೇಕಿಲ್ಲ.

ಎರಡು ನಿರ್ದೇಶಾಂಕಗಳ ಗುಣಲಬ್ಧ ಧನವಾಗಿದ್ದರೆ ಬಿಂದು ಎಲ್ಲಿರಬಹುದು ಎಂದೂ ಕೇಳುವುದುಂಟು. ಚಿಹ್ನೆ ಒಂದೇ ಇರಬೇಕು, ಹಾಗಾಗಿ 1 ಅಥವಾ 3. ಗುಣಲಬ್ಧ ಋಣವಾದರೆ 2 ಅಥವಾ 4.

ಹತ್ತನೇ ತರಗತಿಯವರಿಗೆ ಒಂದು ಮಾತು

ಎರಡು ಚರಾಕ್ಷರಗಳ ಸಮೀಕರಣಗಳನ್ನು ನಕ್ಷೆಯಿಂದ ಬಿಡಿಸುವ ಲೆಕ್ಕದಲ್ಲಿ ಈ ಪಾಠವೇ ಬಂಡವಾಳ. ಸರಳರೇಖೆಗೆ ಎರಡು ಬಿಂದು ಸಾಕು, ಆದರೂ ಮೂರು ಹಾಕಿ. ಮೂರನೆಯದು ಕಾವಲಿಗೆ. 2ಎಕ್ಸ್ − ವೈ = 4 ತೆಗೆದುಕೊಳ್ಳಿ. ಎಕ್ಸ್ 0 ಆದರೆ ವೈ −4, ಎಕ್ಸ್ 2 ಆದರೆ ವೈ 0, ಎಕ್ಸ್ 3 ಆದರೆ ವೈ 2. ಬಿಂದುಗಳು (0, −4), (2, 0), (3, 2). ಈಗ ಯಾರೋ ಅವಸರದಲ್ಲಿ (0, −4) ಅನ್ನು (−4, 0) ಇರುವಲ್ಲಿ ಹಾಕಿದರು ಅನ್ನಿ. ಅಳತೆಪಟ್ಟಿ ಇಟ್ಟರೆ ಮೂರು ಚುಕ್ಕೆಗಳು ಒಂದೇ ಗೆರೆಗೆ ಬರುವುದೇ ಇಲ್ಲ. ಎರಡೇ ಬಿಂದು ಹಾಕಿದ್ದರೆ ತಪ್ಪು ಗೆರೆಯನ್ನೇ ಎಳೆದು, ತಪ್ಪು ಉತ್ತರವನ್ನೇ ಬರೆದು ಬರುತ್ತಿದ್ದರು.

ಭೂಪಟದಲ್ಲಿ ಅಭ್ಯಾಸ, ಒಂದು ಎಚ್ಚರಿಕೆಯೊಂದಿಗೆ

ಒಣ ಸಂಖ್ಯೆಗಳಿಂದ ಬೇಜಾರಾದರೆ ಅಕ್ಷಾಂಶ-ರೇಖಾಂಶ ಹಿಡಿಯಿರಿ. ಸಮಭಾಜಕ ವೃತ್ತ ಎಕ್ಸ್-ಅಕ್ಷ, ಗ್ರೀನಿಚ್ ಮೂಲಕ ಹಾಯುವ ರೇಖಾಂಶ ವೈ-ಅಕ್ಷ. ಪೂರ್ವ ಮತ್ತು ಉತ್ತರ ಧನ, ಪಶ್ಚಿಮ ಮತ್ತು ದಕ್ಷಿಣ ಋಣ. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿದಂತಾಯಿತು ನಿಜ, ಚತುರ್ಥಕ ಕಲಿಯಲು ಅಡ್ಡಿಯಿಲ್ಲ. ಹಾಳೆಯನ್ನು ಅಡ್ಡ ಹಿಡಿದು 1 ಸೆಂ.ಮೀ. = 20 ಡಿಗ್ರಿ ಎಂದುಕೊಂಡರೆ ಇಡೀ ಜಗತ್ತು 18 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರದಲ್ಲಿ ಕೂರುತ್ತದೆ.

ಎಚ್ಚರಿಕೆ ಏನೆಂದರೆ, ಮೊಬೈಲಿನ ಮ್ಯಾಪ್ ಆ್ಯಪ್‌ಗಳು ಸಾಮಾನ್ಯವಾಗಿ ಅಕ್ಷಾಂಶವನ್ನು ಮೊದಲು ಕೊಡುತ್ತವೆ. ಬೆಂಗಳೂರು 12.97, 77.59 ಎಂದು ಬರುತ್ತದೆ. ಅಕ್ಷಾಂಶ ಉತ್ತರ-ದಕ್ಷಿಣ ಹೇಳುವುದು, ಅಂದರೆ ಅದು ವೈ. ಗ್ರಾಫಿಗೆ ತರುವಾಗ ತಿರುಗಿಸಿ (77.59, 12.97) ಎಂದು ಬರೆಯಬೇಕು. ಬಲಕ್ಕೆ 3 ಸೆಂ.ಮೀ. 9 ಮಿ.ಮೀ.ಗೆ ಸ್ವಲ್ಪ ಕಡಿಮೆ, ಮೇಲಕ್ಕೆ ಆರೂವರೆ ಮಿ.ಮೀ. ಮೊದಲನೇ ಚತುರ್ಥಕ. ಭಾರತ ಇಡಿಯಾಗಿ ಅಲ್ಲೇ ಇದೆ.

ನ್ಯೂಯಾರ್ಕ್ (−74.0, 40.7) ಎರಡನೆಯದರಲ್ಲಿ, ರಿಯೊ ಡಿ ಜನೈರೊ (−43.2, −22.9) ಮೂರನೆಯದರಲ್ಲಿ, ಮೆಲ್ಬರ್ನ್ (145.0, −37.8) ನಾಲ್ಕನೆಯದರಲ್ಲಿ. ಮಗ ನ್ಯೂಜೆರ್ಸಿಯಲ್ಲಿ, ಮಗಳು ಮೆಲ್ಬರ್ನ್‌ನಲ್ಲಿ, ತಾವು ಜಯನಗರದಲ್ಲಿ ಇರುವ ಅಜ್ಜ-ಅಜ್ಜಿಯರು ಮೊಮ್ಮಕ್ಕಳಿಗೆ ವಿಡಿಯೊ ಕಾಲ್‌ನಲ್ಲೇ ಮೂರು ಚತುರ್ಥಕ ಕಲಿಸಬಹುದು. ಗ್ರೀನಿಚ್‌ನ ವೀಕ್ಷಣಾಲಯ ಇರುವುದು ವೈ-ಅಕ್ಷದ ಮೇಲೆ, ಅದಕ್ಕೆ ಚತುರ್ಥಕವಿಲ್ಲ. (0, 0) ಬೀಳುವುದು ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ನೀರಿನಲ್ಲಿ.

ಕಂಪ್ಯೂಟರ್‌ನಲ್ಲಿ ಚಿತ್ರ ಬರೆಸುವ ಪ್ರೋಗ್ರಾಂ ಕಲಿಯುತ್ತಿರುವ ಮಕ್ಕಳಿಗೆ ಇನ್ನೊಂದು ಗೊಂದಲ ಬರುತ್ತದೆ. ಅಲ್ಲಿ ಹೆಚ್ಚಾಗಿ ಮೂಲಬಿಂದು ಪರದೆಯ ಎಡ ಮೇಲ್ಮೂಲೆಯಲ್ಲಿ ಇದ್ದು, ವೈ ಕೆಳಕ್ಕೆ ಹೋದಂತೆ ಹೆಚ್ಚುತ್ತದೆ. ಅದು ಪರದೆಯ ಪದ್ಧತಿ. ಪರೀಕ್ಷೆಯ ಹಾಳೆಯಲ್ಲಿ ವೈ ಮೇಲಕ್ಕೇ ಹೆಚ್ಚಬೇಕು.

ಅಭ್ಯಾಸಕ್ಕೆ ನಾಲ್ಕು

ಉತ್ತರ ಮುಚ್ಚಿಕೊಂಡು ಮಾಡಿ.

ಅ) (2.5, −1.5) ಗುರುತಿಸಿ, ಚತುರ್ಥಕ ಹೇಳಿ.
ಆ) (0, −7) ಎಲ್ಲಿದೆ?
ಇ) (−6, −1) ಬಿಂದುವಿಗೆ ಎಕ್ಸ್-ಅಕ್ಷದಿಂದ ಎಷ್ಟು ದೂರ?
ಈ) (−3, ವೈ) ಯಾವ ಚತುರ್ಥಕ? ವೈ ಯಾವ ಸಂಖ್ಯೆ ಬೇಕಾದರೂ ಆಗಬಹುದು.

ಉತ್ತರಗಳು: ಅ) 1 ಸೆಂ.ಮೀ. = 1 ಮಾನ ಆದರೆ ಬಲಕ್ಕೆ 2 ದಪ್ಪ ಗೆರೆ ದಾಟಿ 5 ಸಣ್ಣ ಗೆರೆ, ಅಲ್ಲಿಂದ ಕೆಳಕ್ಕೆ 1 ದಪ್ಪ ಗೆರೆ ದಾಟಿ 5 ಸಣ್ಣ ಗೆರೆ; ನಾಲ್ಕನೆಯದು. ಆ) ವೈ-ಅಕ್ಷದ ಮೇಲೆ, ಮೂಲಬಿಂದುವಿನ ಕೆಳಗೆ. ಇ) 1 ಮಾನ. ಈ) ಒಂದೇ ಉತ್ತರವಿಲ್ಲ. ವೈ ಧನವಾದರೆ ಎರಡನೆಯದು, ಋಣವಾದರೆ ಮೂರನೆಯದು, ಸೊನ್ನೆಯಾದರೆ ಚತುರ್ಥಕವೇ ಇಲ್ಲ, ಬಿಂದು ಎಕ್ಸ್-ಅಕ್ಷದ ಮೇಲಿರುತ್ತದೆ.